ಕಿವಿಕಲ್ಲು

ಮೀನಿಗೂ ಕಿವಿಯುಂಟು, ಕಿವಿಯೊಳಗೊಂದು ಕಲ್ಲುಂಟು,
ಉದ್ದಿನಬೇಳೆಯಷ್ಟು.
ಕೊಯ್ದು, ಉಜ್ಜಿ, ದೀಪದ ಮೇಲಿಟ್ಟರೆ
ಬಳೆಯೊಳಗೆ ಬಳೆಯಾಗಿ ವರ್ಷಗಳು:
ಬೇಸಿಗೆಗೊಂದು ಬಿಳಿ, ಚಳಿಗೊಂದು ಕಪ್ಪು.

ನಾಡಿಗೆಲ್ಲ ಮೊದಲು ಬೆಳಗಾಗುವುದು ನಮ್ಮಲ್ಲೇ
ಎನ್ನುತ್ತಾರೆ ಲೋಸ್ಟಾಫ್ಟಿನವರು.
ನಾನು ಬಂದಾಗಿನಿಂದ ಕಂಡದ್ದು ಮಂಜು.
ಮೂರನೇ ಮಹಡಿಯಲ್ಲಿ ಕೆಲಸ. ಬಳೆ ಎಣಿಸುವುದಲ್ಲ,
ಅದು ಪೆಟ್ರೋನೆಲ್ಲಳದು, ಅವಳ ಕಣ್ಣು ಸೂಜಿ.
ಎಣಿಸಿದ್ದನ್ನೆಲ್ಲ ನುಂಗಿ
ಕಡಲಲ್ಲಿ ಇನ್ನೆಷ್ಟು ಉಳಿದಿದೆ ಎಂದು ಹೇಳುವ
ಒಂದು ಮುದಿ ಪ್ರೋಗ್ರಾಮನ್ನು
ಹೊಸ ಭಾಷೆಗೆ ದಾಟಿಸುವುದು ನನ್ನದು.
ಅನುದಾನ ಹದಿನೆಂಟು ತಿಂಗಳು.

ನಾಲ್ಕು ಸಾವಿರ ಸಾಲು. ಎಲ್ಲ ದೊಡ್ಡಕ್ಷರ,
ಗದರಿದ ಹಾಗೆ.
ಅದಕ್ಕೂ ಬಳೆಗಳಿವೆ: ಬಂದುಹೋದ ವಿದ್ಯಾರ್ಥಿಗಳು
ತಲಾ ಒಂದು ಸುತ್ತು ಬಿಟ್ಟಿದ್ದಾರೆ.
ಒಬ್ಬ ಮೊತ್ತಕ್ಕೆ ತನ್ನ ನಾಯಿಯ ಹೆಸರಿಟ್ಟಿದ್ದಾನೆ,
ಇನ್ನೊಬ್ಬ 'ಸದ್ಯಕ್ಕೆ ಹೀಗಿರಲಿ' ಎಂದು ಬರೆದು
ಇಪ್ಪತ್ತಾರು ವರ್ಷವಾಯಿತು.
ನಟ್ಟನಡುವೆ, ಎಲ್ಲಕ್ಕಿಂತ ಹಳೆಯದು, ಒಂದೇ ಸಾಲು:
ಮುಟ್ಟಬೇಡಿ. ಹಿ. ಕ್ಯಾ.

ನಾನು ಮುಟ್ಟಿದೆ.

ಹೊಸ ಪ್ರೋಗ್ರಾಮು ಓಡಿತು, ಹನ್ನೊಂದು ಸೆಕೆಂಡು.
ಕಡಲು ತುಂಬಿ ತುಳುಕಿತು!
ಫಿಂಚಮ್ ಸಾಹೇಬರು ಕೇಕು ತಂದರು,
ಗೆರೆ ಮೇಲೇರುವ ಚಿತ್ರವನ್ನು ಲಂಡನ್ನಿಗೆ ಕಳಿಸುವುದೆಂದರು.
ಕೇಕು ತಿಂದೆ. ನಿದ್ದೆ ಬರಲಿಲ್ಲ.
ಕಿಟಕಿಯಿಂದ ಬಂದರು ಕಾಣುತ್ತದೆ:
ಹಗ್ಗ ಸುತ್ತುತ್ತಿರುವ ನಾಲ್ಕೇ ದೋಣಿ.
ಇಷ್ಟೊಂದು ಮೀನು ಅವರ ಕಣ್ಣಿಗೇಕೆ ಬಿದ್ದಿಲ್ಲ?

ಮೂರು ವಾರ ಹುಡುಕಿದೆ, ತಲೆಯಲ್ಲಿ ಹೇನು ಹುಡುಕಿದಂತೆ.
ಕೊನೆಗೆ ಪೇಕ್‌ಫೀಲ್ಡಿನ ತರಕಾರಿ ಮಡಿಗಳ ನಡುವೆ
ರಬ್ಬರ್ ಬೂಟು ಹಾಕಿ ನಿಂತಿದ್ದ
ಹಿಲ್ಡಾ ಕ್ಯಾಚ್‌ಪೋಲರನ್ನೇ ಹಿಡಿದೆ.
ಕಾಗದ ನೋಡಲು ಕನ್ನಡಕ ಬೇಕಾಗಲಿಲ್ಲ ಅವರಿಗೆ.
'ಅದಾ? ಜನವರಿ ಒಂದು, ಮಗು.
ಎಲ್ಲ ಮೀನಿಗೂ ಹುಟ್ಟಿದ ದಿನ ಅದೇ.
ಮೊಟ್ಟೆ ಎಂದು ಒಡೆಯಿತೋ ಯಾರು ಕಂಡರು,
ಲೆಕ್ಕಕ್ಕೆ ಒಂದು ದಿನ ಬೇಕಲ್ಲ.
ಚಳಿಗಾಲದ ಕೊನೆಯ ಬಳೆ ಮೂಡುವ ಮೊದಲೇ ಬಲೆಗೆ ಬಿದ್ದರೆ
ಒಂದು ಕೂಡಿಸು. ನೀನು ಬಿಟ್ಟಿದ್ದೀ.
ನಿನ್ನ ಕಡಲಲ್ಲಿ ಎಲ್ಲರೂ ಒಂದು ವರ್ಷ ಚಿಕ್ಕವರು.'

ನಗು ತಡೆಯಲಾಗಲಿಲ್ಲ.
ಹೇಗೆ ಹೇಳಲಿ ಅವರಿಗೆ, ಚನ್ನಬಸಪ್ಪ ಮೇಷ್ಟ್ರು
ಒಂದನೇ ಕ್ಲಾಸಿನ ಇಡೀ ಬೆಂಚಿಗೆ
ಜೂನ್ ಒಂದು, ಜೂನ್ ಒಂದು ಎಂದು ಬರೆದುಕೊಂಡು ಹೋದದ್ದು;
ನನ್ನ ಪಾಸ್‌ಪೋರ್ಟಿನಲ್ಲೂ ಅದೇ ಸುಳ್ಳಿಗೆ ಮುದ್ರೆ ಬಿದ್ದದ್ದು.
ಅಮ್ಮನ ಲೆಕ್ಕವೇ ಬೇರೆ:
ಗೌರಿಹಬ್ಬಕ್ಕೆ ಮೂರು ದಿನ ಮುಂಚೆ, ಬಾವಿ ತೋಡಿಸಿದ ವರ್ಷ.
ಹೇಳಿದೆ, ಹೇಗೋ. ಹಿಲ್ಡಾ ತಲೆದೂಗಿದರು.
'ನಿಮ್ಮ ಮೇಷ್ಟ್ರಿಗೆ ನಮ್ಮ ಆಫೀಸಿನಲ್ಲಿ ಕೆಲಸ ಸಿಗುತ್ತಿತ್ತು.'

ಪ್ರಬಂಧಗಳಲ್ಲಿ ನಿಮ್ಮ ಹೆಸರು ಹುಡುಕಿದೆ, ಎಂದೆ.
'ಒಮ್ಮೆ ಹಾಕಿದ್ದರಲ್ಲ,
ಟೈಪು ಮಾಡಿಕೊಟ್ಟ ಮಿಸ್ ಕ್ಯಾಚ್‌ಪೋಲರಿಗೆ ವಂದನೆ, ಅಂತ.'
ಅಷ್ಟು ಹೇಳಿ ಮಣ್ಣು ಕೊಡವಿ
ಮೂರು ಲೀಕು ಕಿತ್ತುಕೊಟ್ಟರು.

ಒಂದು ಕೂಡಿಸಿದೆ. ಗೆರೆ ಇಳಿಯಿತು.
ಸಾಹೇಬರು ಎರಡು ದಿನ ಮಾತಾಡಲಿಲ್ಲ.
ಮೂರನೆಯ ದಿನ ಬಂದು ಮೆಲ್ಲಗೆ ಕೇಳಿದರು:
'ಕಳಿಸಿರಲಿಲ್ಲ ತಾನೇ?'

'ಮುಟ್ಟಬೇಡಿ'ಯನ್ನು ಅಳಿಸಲಿಲ್ಲ.
ಅದರ ಕೆಳಗೆ ಏಕೆಂದು ಬರೆದೆ, ಆರು ಸಾಲು,
ಹೇಳಿಕೊಟ್ಟವರ ಹೆಸರು ಪೂರ್ತಿಯಾಗಿ.
ಆಮೇಲೆ ಪರೀಕ್ಷೆಗೆಂದು ಒಂದು ಸುಳ್ಳು ಮೀನು ಮಾಡಿ
ಒಳಗೆ ಬಿಟ್ಟೆ.
ರಾತ್ರಿ ಎರಡಕ್ಕೆ, ಯಾರೂ ಇಲ್ಲದಾಗ,
ಯಂತ್ರ ಅದನ್ನು ಕೇಳುತ್ತದೆ: ವಯಸ್ಸೆಷ್ಟು?
ಆರು, ಎನ್ನುತ್ತದೆ ಮೀನು.
ಹಸಿರು ದೀಪ.

ಮಾರ್ಚಿಗೆ ನನ್ನ ಕರಾರು ಮುಗಿಯುತ್ತದೆ.
ಅದಕ್ಕೆ ಆಗಲೂ ಆರೇ.
ಲೀಕಿನ ಸಾರು ಮಾಡಿದೆ, ಒಗ್ಗರಣೆ ಹಾಕಿ.
ಪರವಾಗಿಲ್ಲ, ಈರುಳ್ಳಿಯ ದೂರದ ನೆಂಟ.